ತಾತನ ಡಯೋಡು

ಮೇಘಾ, ಸಿದ್ದು, ಕಳೆದ ವಾರ ನಿಮ್ಮ ಅಜ್ಜಿ ಹೊಸಪೇಟೆಯ ಒಂದು ರಿಪೇರಿ ಅಂಗಡಿಯ ಗುಜರಿ ಬುಟ್ಟಿಗೆ ಮೊಣಕೈವರೆಗೆ ಕೈ ಹಾಕಿದಳು. (ನಗಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಾಕಿದ್ದು.)

ಅಂಗಡಿಯವರ ಮುಂದೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಲಾರದವಳು ನಾನು. ಅಂಥವಳು ಹುಡುಕಿದ್ದೇನು? ಮೆಣಸಿನಕಾಳಿನಷ್ಟು ದಪ್ಪದ ಒಂದು ಡಯೋಡು.

ನಿಮ್ಮ ತಾತ ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್. ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಅದಿರು ಲಾರಿಗಳ ಕೆಂಪು ಧೂಳಿಗೆ ಕಿಟಕಿ ತೆರೆಯುವಂತಿಲ್ಲ. ಇರುವುದೊಂದೇ ಕೋಣೆ. ಟ್ಯೂಬ್‌ಲೈಟ್ ಹಾಕಿದರೆ ಅವರಿಗೆ ಎಚ್ಚರ. ನಾನು ಅಕ್ಕಿ ಆರಿಸುವುದು ಹೇಗೆ?

ಅದಕ್ಕೇ ಒಂದು ದೀಪ ಮಾಡಿಕೊಟ್ಟರು. ಟಿಫಿನ್ ಡಬ್ಬಿಯೊಳಗೆ ಎರಡು ಸೆಲ್ಲು, ಮೂರು ಬಿಳಿ ಎಲ್‌ಇಡಿ. ಎರಡು ಸೆಲ್ಲಿನ ವೋಲ್ಟೇಜ್ ಸಾಲದು, ಏರಿಸಿ ಕೊಡಬೇಕು. ಏರಿಸುವ ಆ ಬೋರ್ಡಿಗೆ ಬೆಸುಗೆ ಹಾಕಿದ್ದೂ ಅವರೇ. ಬೆಳಕು ಸಣ್ಣಗೆ ಮಾಡಲು ಒಂದು ತಿರುಗುವ ಗುಂಡಿ.

ಆ ಬೋರ್ಡಿನ ಮೇಲೆ ಒಂದು ಡಯೋಡು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಯಾಕೆಂದು ಕೇಳಿದ್ದೆ.

"ಕಾವಲುಗಾರ ಇದ್ದಂಗ ಅದು. ಮುಂದಕ್ಕ ಹೋಗೋ ಕರೆಂಟಿನಾಗ ಒಂದೀಟು ತಾನೂ ತಿಂತೈತಿ. ಆದ್ರ ಹಿಂದಕ್ಕ ಒಂದು ಹನೀನೂ ಬಿಡಂಗಿಲ್ಲ. ತಿಂದ್ರ ತಿನ್ಲಿ ಬಿಡು" ಅಂದಿದ್ದರು.

ಅವರು ಹೋದ ಮೇಲೂ ಮಧ್ಯಾಹ್ನ ಕಿಟಕಿ ಮುಚ್ಚಿ ಆ ದೀಪವನ್ನೇ ಹಚ್ಚುತ್ತೇನೆ, ಸಣ್ಣಗೆ. ಈಗ ಯಾರ ನಿದ್ದೆ ಕೆಡಬೇಕು? ಆದರೂ ಗುಂಡಿ ಪೂರ್ತಿ ತಿರುಗಿಸಲು ಕೈ ಬರುವುದಿಲ್ಲ.

ಈಚೆಗೆ ಅದು ಮಿಣುಕತೊಡಗಿತು. ಹೊಸಪೇಟೆಯ ಆ ರಿಪೇರಿ ಅಂಗಡಿಯ ಖಾಜಾನಿಗೆ ಕೊಟ್ಟೆ.

"ಅಮ್ಮಾರ, ಡಯೋಡಿನ ಕಾಲ ಹೋತ್ರಿ. ಸಿಂಕ್ರೊನಸ್ ಬೋರ್ಡ್ ಹಾಕೀನಿ. ಡಯೋಡ್ ಜಾಗದಾಗ ಒಂದು ಸ್ವಿಚ್ಚು. ಟೈಮಿಗೆ ತಗೀತೈತಿ, ಟೈಮಿಗೆ ಮುಚ್ಚತೈತಿ. ತಿನ್ನೋದು ಭಾಳ ಕಮ್ಮಿ. ನೋಡ್ರಿ, ಎಷ್ಟು ಮಸ್ತ್ ಬೆಳಕು!" ಎಂದು ಗುಂಡಿ ಪೂರ್ತಿ ತಿರುಗಿಸಿ ತೋರಿಸಿದ.

ನಿಜಕ್ಕೂ ಮಸ್ತ್. ಹಳೆಯ ಬೋರ್ಡು ಕೊಡಪ್ಪ ಎನ್ನಲು ನಾಚಿಕೆಯಾಗಿ ದುಡ್ಡು ಕೊಟ್ಟು ಬಂದೆ.

ಆದರೆ ಹದಿನೈದು ದಿನ ಬರುತ್ತಿದ್ದ ಸೆಲ್ಲು ವಾರದೊಳಗೇ ಖಾಲಿ! ಮತ್ತೆ ಹೋದೆ.

"ಬೆಳಕು ಎಷ್ಟು ಇಟ್ಟು ಹಚ್ಚತೀರಿ?"

"ಭಾಳ ಸಣ್ಣಗ ಇಟ್ಟಿರ್ತೀನಪ್ಪ."

ಖಾಜಾ ಹಣೆ ಬಡಿದುಕೊಂಡ. "ಮೊದ್ಲ ಹೇಳಬಾರದೇನ್ರಿ! ಸಣ್ಣಗ ಇಟ್ರ ಈ ಸ್ವಿಚ್ಚು ಬೇಕಾದ ಹೊತ್ತಿಗೆ ಮುಚ್ಚಂಗಿಲ್ಲ. ಮುಂದ ಹೋಗಿದ್ದು ಹಿಂದಕ್ಕ ಹರೀತೈತಿ. ಹೋಗ್ತಾ ಬರ್ತಾ ಕರಗಿ ಹೋಗತೈತಿ. ಅದನ್ನ ತಡಿಯೋ ಬೋರ್ಡೂ ಬರ್ತಾವ. ತರಸ್ಲೇನು?"

"ಬ್ಯಾಡಪ್ಪ. ಅವರು ಬೆಸುಗೆ ಹಾಕಿದ್ದು ಎಲ್ಲೈತಿ?"

ಅಷ್ಟು ಗಟ್ಟಿಯಾಗಿ ನಾನೇ ಕೇಳಿದೆನೇ? ಅವನು ಗುಜರಿ ಬುಟ್ಟಿಯತ್ತ ನೋಡಿದ. ನಾನು ಕೈ ಹಾಕಿಯೇಬಿಟ್ಟೆ. ನೂರೆಂಟು ತುಂಡುಗಳ ನಡುವೆ ಅವರ ದಪ್ಪ ಬೆಸುಗೆ ಬೆರಳಿಗೆ ಗುರುತು ಸಿಕ್ಕಿತು.

"ಅಮ್ಮಾರ, ನಮ್ಮ ಅಂಗಡಿಗೆ ಕೆಲಸಕ್ಕ ಬಂದುಬಿಡ್ರಿ!" ಎಂದು ನಕ್ಕ ಖಾಜಾ, ಹಳೆಯದನ್ನೇ ಮತ್ತೆ ಕೂರಿಸಿಕೊಟ್ಟ. ಡಯೋಡಿಗೆ ಏನೂ ಆಗಿರಲಿಲ್ಲ. ದೀಪ ಮಿಣುಕುತ್ತಿದ್ದುದು ಗುಂಡಿಯೊಳಗೆ ಕೂತಿದ್ದ ಕೆಂಪು ಧೂಳಿಗೆ, ಅಷ್ಟೇ; ಅದನ್ನೂ ಒರೆಸಿಕೊಟ್ಟ.

ಅದೇ ಸಣ್ಣ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೋದವರು ಒಂದು ಗಳಿಗೆಯಾದರೂ ಹಿಂದಕ್ಕೆ ಬರಲಿ ಎಂದು ದಿನವೂ ಹಂಬಲಿಸುವವಳು, ಏನನ್ನೂ ಹಿಂದಕ್ಕೆ ಬಿಡದ ಕಾವಲುಗಾರನನ್ನೇ ಹುಡುಕಿ ತಂದೆನಲ್ಲ, ಯಾಕೆ?

ಈ ಹಾಳೆಗಳನ್ನು ಜೋಪಾನವಾಗಿಡಿ. ಉತ್ತರ ಹೊಳೆದ ದಿನ ಇವುಗಳ ಹಿಂಬದಿಗೇ ಬರೆಯಿರಿ.