ಕೈತಪ್ಪು

ಕಳೆದ ವಾರ ನಾನೊಬ್ಬರಿಗೆ ಪ್ರಶಸ್ತಿ ಕೊಟ್ಟೆ. ಯಾರಿಗಾದರೂ ಪ್ರಶಸ್ತಿ ಕೊಡುವ ಯೋಗ್ಯತೆ ನನಗಿದೆ ಎಂದು ಇಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು.

ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. (ಹೆಸರು ಬೇಡ. ಬರೆದರೆ ನನಗಿಂತ ಮೊದಲು ಸಂಪಾದಕರಿಗೆ ನೋಟಿಸು ಹೋಗುತ್ತದೆ.) ಅಲ್ಲಿನ ಎಚ್.ಆರ್. ಸಾಹೇಬರು ಫೋನ್ ಮಾಡಿದ್ದರು.

“ಮೇಡಂ, ನಮ್ಮ ಕಂಪ್ನ್ಯಾಗ ಸೇಫ್ಟಿ ವೀಕ್ ಮಾಡಾಕತ್ತೇವ್ರಿ. ನೀವು ಚೀಫ್ ಗೆಸ್ಟ್ ಆಗಿ ಬರಬೇಕ್ರಿ. ಹೊಣೆಗಾರಿಕಿ ಮ್ಯಾಲೆ ನಾಕ್ ಮಾತು ಹೇಳ್ರಿ. ಸ್ವಲ್ಪ ಪಾಸಿಟಿವ್ ಇರಲಿ ಮತ್ತ.”

ಪಾಸಿಟಿವ್! ಈ ಅಂಕಣ ಓದುವ ಯಾರೂ ನನ್ನ ಹತ್ತಿರ ಅದನ್ನು ಕೇಳುವುದಿಲ್ಲ. ಓದದೆಯೇ ಕರೆದಿದ್ದಾರೆ ಎಂದು ಅಲ್ಲಿಯೇ ಗೊತ್ತಾಯಿತು. ಆದರೂ ಒಪ್ಪಿಕೊಂಡೆ. ಕಾರಣ, ಮೆಹಬೂಬ.

ಮೆಹಬೂಬ ಬೆಂಗೇರಿಯಲ್ಲಿ ನಮ್ಮ ಓಣಿಯವನು. ನನ್ನ ಮಿಕ್ಸರ್ ಕೆಟ್ಟರೂ, ಸ್ಕೂಟರ್ ಕೆಟ್ಟರೂ, ನನ್ನ ತಲೆ ಕೆಟ್ಟರೂ ಬಂದು ವಿಚಾರಿಸುವವನು. ಅದೇ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಆಪರೇಟರ್. ತಗಡನ್ನು ಒಳಗಿಟ್ಟರೆ ಪ್ರೆಸ್ ಮೇಲಿಂದ ಇಳಿದು ಅದನ್ನು ಆಕಾರಕ್ಕೆ ಒತ್ತುತ್ತದೆ. ಈ ಬೇಸಿಗೆಯಲ್ಲಿ ಅದು ತಗಡಿನ ಜೊತೆ ಅವನ ಬಲಗೈಯ ಮೂರು ಬೆರಳನ್ನೂ ಒತ್ತಿತು.

ಹೇಗಾಯಿತು? ಆ ಮಷಿನ್‌ಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಪ್ರೆಸ್ಸಿನ ಕೆಳಗೆ ಯಾವ ಕೈಯೂ ಇರುವುದಿಲ್ಲವಲ್ಲ? ಮಷಿನ್ ಮಾಡಿದವನಿಗೆ ಅಷ್ಟು ಬುದ್ಧಿ ಇತ್ತು. ಆದರೆ ಪ್ರೊಡಕ್ಷನ್ ಮ್ಯಾನೇಜರ್ ಸಾಹೇಬರಿಗೆ ಅವಸರವಿತ್ತು. ಒಂದು ಬಟನ್ ಸದಾ ಒತ್ತಿಕೊಂಡೇ ಇರುವಂತೆ ಅದರ ಮೇಲೆ ರಬ್ಬರ್ ಬಿಗಿದು ಕಟ್ಟಿಸಿಬಿಟ್ಟರು.

“ಒಂದ ಕೈಲೆ ಒತ್ರಿ, ಇನ್ನೊಂದು ಕೈಲೆ ತಗಡು ಹಾಕ್ರಿ, ಲಗೂ ಆಕ್ಕೇತಿ ಅಂದ್ರು ಅಕ್ಕಾರ,” ಎಂದು ಮೆಹಬೂಬ ಆಸ್ಪತ್ರೆಯಲ್ಲಿ ಹೇಳಿದ್ದ. “ಇಡೀ ಲೈನಿನ್ಯಾಗ ಎಲ್ಲಾ ಮಷಿನ್ನಿಗೂ ಕಟ್ಟಿದ್ರು. ನನ್ನ ಕೈ ಸಿಕ್ಕತಲ್ಲ, ಆಂಬುಲೆನ್ಸ್ ಬರೂಕಿಂತ ಮೊದಲ ಎಲ್ಲಾ ರಬ್ಬರ್ ಬಿಚ್ಚಿದ್ರು.”

ಆಮೇಲೆ ಎನ್‌ಕ್ವಾಯರಿ ಆಯಿತು. ಕಮಿಟಿ ಕೂತಿತು, ಚಹಾ ಕುಡಿಯಿತು, ಎದ್ದಿತು, ಮತ್ತೆ ಕೂತಿತು. ಮಳೆಗಾಲ ಹಿಡಿದ ಮೇಲೆ ತೀರ್ಮಾನ ಹೊರಬಂತು: ಕಾರ್ಮಿಕನ ಕೈತಪ್ಪಿನಿಂದ ಆದ ಅವಘಡ.

ಕೈತಪ್ಪು. ಎಂಥ ಮೃದುವಾದ ಶಬ್ದ ನೋಡಿ! ನಾವೆಲ್ಲ ಲೋಟ ಬಿದ್ದು ಒಡೆದಾಗ ಬಳಸುವಂಥದ್ದು. ಉಪ್ಪು ಹೆಚ್ಚಾದಾಗ, ಚಹಾ ಚೆಲ್ಲಿದಾಗ. ಬೈಸಿಕೊಳ್ಳದಿರಲು ಹುಟ್ಟಿದ ಶಬ್ದ ಅದು. ಅದನ್ನೇ ತಿರುಗಿಸಿ ಒಬ್ಬ ಮನುಷ್ಯನ ತಲೆಗೆ ಕಟ್ಟಬಹುದು ಎಂದು ನನಗೆ ಗೊತ್ತಿರಲಿಲ್ಲ.

“ಕೈ ನಂದು, ಖರೇರಿ,” ಎಂದ ಮೆಹಬೂಬ. “ತಪ್ಪು ಯಾರದ್ರಿ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತೇವೆ. ಇಲ್ಲಿ ಜ್ವರವೂ ಎಮ್ಮೆಗೆ, ಬರೆಯೂ ಎಮ್ಮೆಗೆ. ಎತ್ತು ಎ.ಸಿ. ರೂಮಿನಲ್ಲಿ ಕೂತು ಪ್ರೊಡಕ್ಷನ್ ರಿಪೋರ್ಟ್ ನೋಡುತ್ತಿತ್ತು.

ಸರಿ, ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅದೇನೋ, ನಮ್ಮ ಕಡೆ ಯಾರನ್ನಾದರೂ ಸುಮ್ಮನಿರಿಸಬೇಕಾದರೆ ಮೊದಲು ಶಾಲು ಹೊದಿಸುತ್ತಾರೆ. ನಂತರ ನಿರೂಪಕಿ ಘೋಷಿಸಿದಳು: “ಬೆಸ್ಟ್ ಸೇಫ್ಟಿ ಡಿಪಾರ್ಟ್‌ಮೆಂಟ್ ಪ್ರಶಸ್ತಿ, ಪ್ರೆಸ್ ಶಾಪ್!”

ನಾನು ತಪ್ಪು ಕೇಳಿಸಿಕೊಂಡೆನೇ? ಇಲ್ಲ. ಪ್ರೊಡಕ್ಷನ್ ಸಾಹೇಬರು ನಗುತ್ತ ವೇದಿಕೆಗೆ ಬಂದರು. ನನ್ನ ಕೈಗೆ ಗಾಜಿನ ಫಲಕ ಬಂತು, ನನ್ನ ಕೈಯಿಂದ ಅವರ ಕೈಗೆ ಹೋಯಿತು, ಫೋಟೊ ಆಯಿತು. ಫೋಟೊದಲ್ಲಿ ನಾನೂ ನಗುತ್ತಿದ್ದೇನೆ. ಕ್ಯಾಮೆರಾ ಎದುರಿಗೆ ಹಿಡಿದರೆ ನನ್ನ ಮುಖಕ್ಕೆ ನನ್ನನ್ನು ಕೇಳುವ ರೂಢಿಯಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. “ಈಗ ನಮ್ಮ ಸಹೋದ್ಯೋಗಿಯೊಬ್ಬರು ತಮ್ಮ ಅನುಭವ ಹಂಚಿಕೊಳ್ತಾರೆ” ಎಂದಳು ನಿರೂಪಕಿ. ಬಂದವನು ಮೆಹಬೂಬ. ಇಸ್ತ್ರಿ ಮಾಡಿದ ಅಂಗಿ. ಬಲಗೈ ಪ್ಯಾಂಟಿನ ಜೇಬಿನಲ್ಲಿ. ಮೈಕ್ ಎಡಗೈಯಲ್ಲಿ. ನನ್ನ ಕಡೆ ನೋಡಲೇ ಇಲ್ಲ.

“ನಮಸ್ಕಾರ್ರಿ. ನಾ ಲಕ್ಷ್ಯ ಇಟ್ಟು ಕೆಲಸ ಮಾಡಲಿಲ್ರಿ. ನನ್ನ ಕೈತಪ್ಪಿನಿಂದ ಹಿಂಗ ಆತ್ರಿ. ನೀವ್ಯಾರೂ ಹಂಗ ಮಾಡಬ್ಯಾಡ್ರಿ.”

ಮಗ್ಗಿ ಒಪ್ಪಿಸಿದ ಹಾಗಿತ್ತು. ಎಚ್.ಆರ್. ಸಾಹೇಬರು ಪಕ್ಕಕ್ಕೆ ಬಾಗಿ, “ಕೈ ತೋರ್ಸಪಾ,” ಎಂದರು. ಅವನು ಜೇಬಿನಿಂದ ಕೈ ತೆಗೆದು ಎತ್ತಿ ತೋರಿಸಿದ. ಜನ ಚಪ್ಪಾಳೆ ಹೊಡೆದರು.

ಚಪ್ಪಾಳೆ! ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಸರದಿ ಬಂತು. ಬರೆದುಕೊಂಡು ಹೋದದ್ದನ್ನು ಓದಲಿಲ್ಲ. ಮೊದಲು ದುರ್ಗದಬೈಲಿನ ಒಬ್ಬ ಬಟ್ಟೆ ವ್ಯಾಪಾರಿಯ ಸುದ್ದಿ ಹೇಳಿದೆ. ಅವರ ಅಂಗಡಿಯ ಸೇಲ್ಸ್‌ಮನ್ ಮದುವೆಯ ಬಟ್ಟೆಯನ್ನು ಗಿಡ್ಡ ಕತ್ತರಿಸಿಬಿಟ್ಟಿದ್ದ. ಗಿರಾಕಿ ಅಂಗಡಿ ಹಾರಿಹೋಗುವಂತೆ ಕೂಗಾಡಿದರು. ವ್ಯಾಪಾರಿ ಗಾದಿಯಿಂದ ಇಳಿದು ಬಂದು, “ಅವಸರ ಮಾಡ್ಸಿದಾಂವ ನಾ ರಿ, ತಪ್ಪು ನಂದು,” ಎಂದರು. ಆ ಸೇಲ್ಸ್‌ಮನ್ ಇವತ್ತಿಗೂ ಅಲ್ಲೇ ಇದ್ದಾನೆ. ಅಲ್ಲಿ ಎಚ್.ಆರ್. ಇಲ್ಲ, ಕಮಿಟಿ ಇಲ್ಲ, ಸೇಫ್ಟಿ ವೀಕೂ ಇಲ್ಲ.

ಆಮೇಲೆ ಕೇಳಿಯೇಬಿಟ್ಟೆ. “ಪ್ರೆಸ್ ಶಾಪಿನಲ್ಲಿ ಬಟನ್‌ಗೆ ರಬ್ಬರ್ ಕಟ್ಟಲು ಹೇಳಿದವರು ಯಾರು? ಅವರೂ ವೇದಿಕೆಗೆ ಬಂದು ಅನುಭವ ಹಂಚಿಕೊಳ್ಳಬಹುದಲ್ಲ?”

ಕೆಲಸಗಾರರೆಲ್ಲ ತಲೆ ತಗ್ಗಿಸಿದರು. ಪ್ರೊಡಕ್ಷನ್ ಸಾಹೇಬರು ಫಲಕದ ಮೇಲಿನ ಅಕ್ಷರಗಳನ್ನು ಮೊದಲ ಸಲ ಎಂಬಂತೆ ಓದತೊಡಗಿದರು. ಎಚ್.ಆರ್. ಸಾಹೇಬರು ಮೈಕ್ ಇಸಿದುಕೊಂಡು, “ಮೇಡಂ ಭಾಳ ಛಲೋ ವಿಚಾರ ಹೇಳಿದ್ರು. ಈಗ ಎಲ್ಲಾರೂ ಊಟಕ್ಕ ಹೋಗೂಣು,” ಎಂದರು.

ಊಟಕ್ಕೆ ಹೋಳಿಗೆ ಇತ್ತು. ನಾನು ಮುಟ್ಟಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಹೆಚ್ಚುತ್ತಿತ್ತು. ತಿಂದೆ. ಸತ್ಯ ಹೇಳಿದ ಖುಷಿಯಲ್ಲಿ ತುಪ್ಪ ಹಾಕಿಸಿಕೊಂಡೇ ತಿಂದೆ.

ಕೈ ತೊಳೆಯುವಲ್ಲಿ ಮೆಹಬೂಬ ನಿಂತಿದ್ದ. ಶಹಬ್ಬಾಸ್ ಅನ್ನುತ್ತಾನೆ ಎಂದುಕೊಂಡೆ.

“ಯಾಕ ಕೇಳಿದ್ರಿ ಅಕ್ಕಾರ?”

“ನಿನ್ನ ಸಲುವಾಗಿಯೇ ಕೇಳಿದೆನೋ!”

“ಮಷಿನ್ ಕೆಲಸ ನಂಗ ಇನ್ನ ಆಗೂದಿಲ್ರಿ. ಸ್ಟೇಜಿನ ಮ್ಯಾಲೆ ನನ್ನ ತಪ್ಪು ಅಂತ ಹೇಳಿದ್ರ ಗೇಟಿನ್ಯಾಗ ವಾಚ್‌ಮನ್ ಕೆಲಸ ಕೊಡ್ತೇವಿ ಅಂದಿದ್ರು. ಹೇಳಿದ್ನೆಲ್ರಿ, ಮುಗದಿತ್ತು. ರಬ್ಬರಿಂದು ನಿಮಗ ಯಾರು ಹೇಳಿದ್ರು ಅಂತ ಈಗ ಅವ್ರಿಗೆ ತಿಳಿಯೂದಿಲ್ಲೇನು? ನೀವು ಕೇಳಿ ಕಾರ್ ಹತ್ತಿ ಹೋಗ್ತೀರಿ. ನಾ ನಾಳೆ ಇದ ಗೇಟಿಗೆ ಬರಬೇಕಲ್ರಿ.”

ಬಂದ. ಒಳಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನಲ್ಲಿಯೇ ನಿಲ್ಲಿಸಿ ಮನೆಗೆ ಕಳಿಸಿದರಂತೆ. ಕಂಪನಿಯ ಮಾತನ್ನು ಹೊರಗಿನವರ ಮುಂದೆ ಆಡಿದ್ದಕ್ಕೆ.

ನೋಡಿ, ನಮ್ಮ ಸಂಸ್ಥೆಗಳಿಗೆ ಶಿಕ್ಷೆ ಕೊಡಲು ಬರುವುದಿಲ್ಲ, ಎಲ್ಲ ಸಡಿಲ, ಎಲ್ಲ ತಡ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ಆ ಮಾತನ್ನು ವಾಪಸು ಪಡೆಯುತ್ತೇನೆ. ಎಷ್ಟು ಚೆನ್ನಾಗಿ ಬರುತ್ತದೆ! ಮೂರು ಬೆರಳು ಹೋದದ್ದು ಹೇಗೆ ಎಂದು ತಿಳಿಯಲು ಒಂದು ಬೇಸಿಗೆ ಬೇಕಾಯಿತು. ಒಂದು ಪ್ರಶ್ನೆ ಹುಟ್ಟಿದ್ದು ಎಲ್ಲಿಂದ ಎಂದು ತಿಳಿಯಲು ಒಂದು ಊಟದ ಹೊತ್ತು ಸಾಕಾಯಿತು. ಇದಕ್ಕೆ ಕಮಿಟಿ ಬೇಕಾಯಿತೇ? ಸಾಕ್ಷಿ ಬೇಕಾಯಿತೇ?

ಎಚ್.ಆರ್. ಸಾಹೇಬರಿಗೆ ಫೋನ್ ಹಚ್ಚಿದೆ. ಅವನನ್ನು ತೆಗೆದುಹಾಕಿದ್ದು ಯಾರು ಎಂದು ಕೇಳಿದೆ.

“ಯಾರೂ ತಗದಿಲ್ರಿ ಮೇಡಂ. ಕೆಲಸ ಇಲ್ಲಧಂಗ ಆಗೇತಿ.”

ಆಗೇತಿ! ನಮ್ಮ ಭಾಷೆಗೆ ಇದೊಂದು ದೊಡ್ಡ ಸೌಲಭ್ಯ. ಟಾರ್ಗೆಟ್ ಮುಟ್ಟಿದರೆ ‘ಮಾಡೇವಿ’. ಬೆರಳು ಹೋದರೆ ‘ಆಗೇತಿ’. ಬಡ್ತಿ ಬಂದರೆ ಕೆಲಸಕ್ಕೊಬ್ಬ ಕರ್ತೃ ಇರುತ್ತಾನೆ, ಅನಾಹುತವಾದರೆ ಕ್ರಿಯಾಪದ ತಾನೇ ನಡೆದುಕೊಂಡು ಬಂದಿರುತ್ತದೆ. ದೊಡ್ಡವರು ಯಾರೂ ಏನೂ ಮಾಡುವುದಿಲ್ಲ. ಅವರ ಸುತ್ತ ಎಲ್ಲವೂ ಆಗುತ್ತಿರುತ್ತದೆ, ಆಗುವುದೆಲ್ಲ ಕೆಳಗಿನವರಿಗೆ.

ಸಿಟ್ಟು ಬಂತು. ಅವರ ಮೇಲೆ ಬಂದಷ್ಟೇ ನನ್ನ ಮೇಲೂ ಬಂತು. ಹೋಳಿಗೆ ತಿಂದು ಬಂದವಳು ನಾನಲ್ಲವೇ?

ಸಂಜೆ ಮೆಹಬೂಬನ ಮನೆಗೆ ಹೋದೆ. ಅವನ ಹೆಂಡತಿ ಶಾಹೀನ್ ಬಾಗಿಲು ತೆಗೆದಳು. ದಿನವೂ “ಬರ್ರಿ ಅಕ್ಕಾರ, ಕುಂದ್ರ್ರಿ” ಅನ್ನುವವಳು ಅಂದು ಸುಮ್ಮನೆ ಪಕ್ಕಕ್ಕೆ ಸರಿದು ನಿಂತಳು. ಮೆಹಬೂಬ ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಯಾರದೋ ಇಸ್ತ್ರಿ ಪೆಟ್ಟಿಗೆ ಬಿಚ್ಚಲು ನೋಡುತ್ತಿದ್ದ. ಸ್ಕ್ರೂ ತಿರುಗುತ್ತಿರಲಿಲ್ಲ.

“ತಪ್ಪಾಯ್ತಪ್ಪಾ,” ಎಂದೆ. ಹೇಳಿದ ಮೇಲೆ ನನ್ನ ಕಿವಿಗೇ ಬಿತ್ತು. ತಪ್ಪಾಯ್ತಂತೆ. “ಅಲ್ಲ. ತಪ್ಪು ಮಾಡಿದೆ.”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

“ಇರ್ಲಿ ಬಿಡ್ರಿ. ಒಂದ್ ಮಾತು ಹೇಳ್ರಿ ಅಕ್ಕಾರ. ಅವತ್ತ ಸ್ಟೇಜಿನ ಮ್ಯಾಲೆ ಕೇಳಿದ್ರೆಲಾ, ರಬ್ಬರ್ ಕಟ್ಟಂತ ಯಾರು ಹೇಳಿದ್ರು ಅಂತ. ನಿಮಗ ಏನರ ಉತ್ತರ ಕೊಟ್ರೇನ್ರಿ ಅವರು?”

“ಇಲ್ಲಪ್ಪಾ.”

“ನನಗ ಕೊಟ್ರು ನೋಡ್ರಿ.”

ಪ್ರಶ್ನೆ ಕೇಳಿದ್ದು ನಾನು. ಉತ್ತರ ಅವನ ಮನೆಗೆ ಏಕೆ ಹೋಯಿತು?