ಕಪ್ಪು ಇಲಿಯ ಡಿಎನ್‌ಎ

2017ರಲ್ಲಿ ನಾನು ಮುಂಬೈಯ ಪರೇಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷದ ಗುತ್ತಿಗೆಯ ಮೇಲಿದ್ದ ವಿಜ್ಞಾನಿ. ಆಗಲೇ ಎರಡು ವರ್ಷ ಕಳೆದಿತ್ತು. ಮಕ್ಕಳ ಹುಟ್ಟುಕಿವುಡಿಗೆ ಸಂಬಂಧಿಸಿದ ಒಂದು ಜೀನನ್ನು ಇಲಿಯಲ್ಲಿ ಕೆಡಿಸಿ ಏನಾಗುತ್ತದೆಂದು ನೋಡುವುದು ನನ್ನ ಕೆಲಸ. ಅಂಥ ಇಲಿ ಸಿದ್ಧವಾದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಹೇಳಿದ್ದರು.

ಅದಕ್ಕೆ ಬೇಕಾದ ಸಾಧನ ಪ್ಲಾಸ್ಮಿಡ್ ವೆಕ್ಟರ್. ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದೊಳಗೆ ಬೆಳೆಸಬಹುದಾದ ಡಿಎನ್‌ಎ ಉಂಗುರ. ಜೀನನ್ನು ಕೆಡಿಸುವ ತುಣುಕನ್ನು ಅದರಲ್ಲಿಟ್ಟು, ಆ ಜೀನಿನ ಡಿಎನ್‌ಎಯನ್ನೇ ಹೋಲುವ ಉದ್ದನೆಯ ಭಾಗಗಳನ್ನು ತುಣುಕಿನ ಎರಡೂ ಬದಿಗೆ ಜೋಡಿಸುತ್ತೇವೆ. ಇವಕ್ಕೆ ಆರ್ಮ್ ಎನ್ನುತ್ತೇವೆ. ಮುಂದೆ ಇಲಿ ಬೆಳೆಸಲು ಬಳಸುವ ಸ್ಟೆಮ್ ಸೆಲ್ ಎಂಬ ಜೀವಕೋಶದೊಳಗೆ ಹೋದ ಮೇಲೆ ಸರಿಯಾದ ಜಾಗ ಹುಡುಕಿಕೊಳ್ಳುವುದು ಈ ಆರ್ಮ್‌ಗಳೇ. ಸೆಲ್ ಯಾವ ತಳಿಯದೋ ಆರ್ಮ್ ಕೂಡ ಅದೇ ತಳಿಯದಾಗಿರಬೇಕು. ನಮ್ಮ ಸೆಲ್ ಕಂದು ಇಲಿಯದು. ಕಪ್ಪು ಇಲಿಯ ಡಿಎನ್‌ಎಯಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ, ಅಷ್ಟಕ್ಕೇ ಕೆಲಸ ಕೈಕೊಡಬಹುದು.

ವೆಕ್ಟರಿನ ನಕ್ಷೆ ನನ್ನದು, ಆರ್ಮ್ ತಯಾರಿಸಿದವನು ಸಹೋದ್ಯೋಗಿ ಪ್ರಕಾಶ. ಧಾರವಾಡದವನು, ಜೋಗೇಶ್ವರಿಯಲ್ಲಿ ಮನೆ. ಲ್ಯಾಬಿನಲ್ಲಿ ಕನ್ನಡದವರು ನಾವಿಬ್ಬರೇ. ವಿಲೆ ಪಾರ್ಲೆಯ ಮನೆಯಿಂದ ನಾನು ತರುತ್ತಿದ್ದ ಊಟದ ಡಬ್ಬಿಯಲ್ಲಿ ಅವನಿಗೆ ದಿನವೂ ಪಾಲಿತ್ತು.

"ಕಂದು ಇಲೀದ ಹಾಕೇನ್ರಿ ಅಕ್ಕಾ, ಚಿಂತಿ ಮಾಡಬ್ಯಾಡ್ರಿ," ಎಂದು ಟ್ಯೂಬ್ ಕೊಟ್ಟ. ಆರ್ಮ್‌ನ ಪ್ರತಿ ಅಕ್ಷರವನ್ನೂ ಸೀಕ್ವೆನ್ಸಿಂಗ್‌ನಲ್ಲಿ ಓದಿಸುವುದು ಪದ್ಧತಿ. ಬೇರೆ ಯಾರೇ ಕೊಟ್ಟಿದ್ದರೂ ಓದಿಸುತ್ತಿದ್ದೆ. ನಮ್ಮವನಲ್ಲವೇ ಎಂದು ಜೋಡಣೆಯ ಅಂಚುಗಳನ್ನಷ್ಟೇ ಓದಿಸಿ ಬಿಟ್ಟೆ.

ಆರು ತಿಂಗಳಲ್ಲಿ, ವೆಕ್ಟರ್ ಹಾಕಿದ ಒಂದೊಂದು ಸೆಲ್‌ನಿಂದ ಬೆಳೆದ ಗುಂಪುಗಳನ್ನು, ಅಂದರೆ ಕಾಲೊನಿಗಳನ್ನು, 480 ಪರೀಕ್ಷಿಸಿದೆ. ಒಂದರಲ್ಲೂ ವೆಕ್ಟರ್ ಸರಿಯಾದ ಜಾಗದಲ್ಲಿ ಕೂತಿರಲಿಲ್ಲ. ಲ್ಯಾಬ್ ಮೀಟಿಂಗಿನಲ್ಲಿ ನಮ್ಮ ಮುಖ್ಯಸ್ಥೆ, "ಡಿಸೈನ್ ಮೇ ಹೀ ಗಡ್‌ಬಡ್ ಹೈ, ವಸುಧಾ," ಎಂದು ತಪ್ಪನ್ನು ನನ್ನ ನಕ್ಷೆಯ ಮೇಲೇ ಹಾಕಿದರು. ಪ್ರಕಾಶ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ನನ್ನ ಬಗ್ಗೆ ಮರುಕಪಡುತ್ತಿದ್ದಾನೆಂದೇ ತಿಳಿದೆ. ಯೋಜನೆ ಅವನ ಕೈಗೆ ಹೋಯಿತು.

ಮೂರು ತಿಂಗಳಲ್ಲಿ ಅವನಿಗೆ ನಾಲ್ಕು ಸರಿಯಾದ ಕಾಲೊನಿ ಸಿಕ್ಕವು. ಲ್ಯಾಬಿನಲ್ಲಿ ಪೇಡೆ ಹಂಚಿದರು, ನಾನೂ ತಿಂದೆ. ಆದರೆ ಅವನ ವೆಕ್ಟರಿನ ನಕ್ಷೆ ನೋಡಿದರೆ ನನ್ನದೇ, ಒಂದು ಗೆರೆಯೂ ಬದಲಾಗಿರಲಿಲ್ಲ. ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ಟ್ಯೂಬ್ ತೆಗೆದು ಎರಡೂ ಆರ್ಮ್‌ಗಳನ್ನು ಪೂರ್ತಿ ಓದಿಸಿದೆ. ಕಪ್ಪು ಇಲಿಯದು.

ವರದಿಯನ್ನು ಅವನ ಮುಂದೆ ಹಿಡಿದೆ. ಅವನು ಅಲ್ಲಗಳೆಯಲಿಲ್ಲ.

"ಕಂದು ಇಲೀದ ಡಿಎನ್‌ಎ ಆವಾಗ ಮುಗದಿತ್ತರಿ ಅಕ್ಕಾ, ನಂದು ಮಾಡೋ ಹೊತ್ತಿಗೆ ಬಂದಿತ್ತು. ನೀವು ಹೆಂಗಿದ್ರೂ ಓದಿಸಿ ನೋಡತೀರಿ ಅನಕೊಂಡಿದ್ದೆ."

"ಮೀಟಿಂಗ್‌ನಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ? ಅಷ್ಟೊತ್ತಿಗೆ ಗೊತ್ತಿತ್ತಲ್ಲ ನಿಂಗೆ?"

"ನಂದೂ ಕಾಂಟ್ರಾಕ್ಟ್ ಇತ್ತಲ್ರಿ."

ಮುಖ್ಯಸ್ಥೆಗೆ ವರದಿ ತೋರಿಸಿದೆ. ಆರ್ಮ್ ಪೂರ್ತಿ ಓದಿಸಬೇಕಾದದ್ದು ನನ್ನ ಜವಾಬ್ದಾರಿ ಎಂದರು. ಅದು ಸುಳ್ಳಲ್ಲ. ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಗಿಯಿತು, ಅವನದು ಮುಂದುವರಿಯಿತು.

ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಯಾರೇ ಕೊಟ್ಟ ಟ್ಯೂಬನ್ನೂ ಓದಿಸದೆ ಬಳಸಬೇಡಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಆ ಪಾಠ ನನಗೆ ಒಂದೇ ಸಲಕ್ಕೆ ತಲೆಗೆ ಹತ್ತಿತು. ಆ ಮೀಟಿಂಗಿನಲ್ಲಿ ಪಕ್ಕದಲ್ಲೇ ಕೂತು ಸುಮ್ಮನಿದ್ದವನನ್ನು ಕ್ಷಮಿಸುವುದು ಮಾತ್ರ ಇವತ್ತಿಗೂ ಬಂದಿಲ್ಲ.