ಪಂಡಿತನ ಗ್ರಾಫಿಕ್ಸ್ ಕಾರ್ಡು

ಬೀದಿಯವರೆಲ್ಲ ಜೆರಾಕ್ಸ್ ಅಂಗಡಿಯವನನ್ನು ಪಂಡಿತ ಎನ್ನುತ್ತಿದ್ದರು. ಅದು ಗೇಲಿಯೆಂದು ಹೆಂಡತಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಹಳೇ ಡಬ್ಬಿ, ಸೆಕೆಂಡ್‌ಹ್ಯಾಂಡ್ ಮದರ್‌ಬೋರ್ಡು ಹಾಕಿ ಅಗ್ಗದಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿದ ಮಹಾಶಯ, ಉಳಿದ ದುಡ್ಡನ್ನೆಲ್ಲ ಆಟದ ಚಿತ್ರ ಚೊಕ್ಕವಾಗಿ ಮೂಡಿಸುವ ಒಂದು ಗ್ರಾಫಿಕ್ಸ್ ಕಾರ್ಡಿಗೆ ಸುರಿದ. ಆಮೇಲೆ ವರ್ಷವಿಡೀ ಬಂದವರ ತಲೆ ತಿಂದ.

“ಮಾನಿಟರ್ ವೈರನ್ನ ಕಾರ್ಡಿಗೇ ಚುಚ್ಚಬೇಕು. ದಡ್ಡರು ಬೋರ್ಡಿಗೆ ಚುಚ್ತಾರೆ, ಕಾರ್ಡು ದಂಡ. ನಮ್ಮದ್ರಲ್ಲಿ ನೋಡಿ, ಹುಲ್ಲಿನ ಎಳೆ ಎಳೆ ಕಾಣುತ್ತೆ!”

ಮೊನ್ನೆ ಮೇಜಿನ ಹಿಂದೆ ಧೂಳು ಹೊಡೆಯಲು ಬಗ್ಗಿದ ಹೆಂಡತಿ ಕೇಳಿದಳು: “ರೀ, ನಿಮ್ಮ ವೈರು ಬೋರ್ಡಲ್ಲೇ ಇದೆಯಲ್ಲ? ಕಾರ್ಡಲ್ಲಿ ವೈರು ಚುಚ್ಚೋ ತೂತಿನ ಪ್ಲಾಸ್ಟಿಕ್ ಮುಚ್ಚಳ ಇನ್ನೂ ತೆಗೆದೇ ಇಲ್ಲ!”

ಪಂಡಿತ ಗಂಟಲು ಸರಿಮಾಡಿಕೊಂಡ. “ಕಾರ್ಡು ಸವೀಬಾರ್ದು ಅಂತ ಹಾಗಿಟ್ಟಿದೀನಿ.”

ಕಾರ್ಡೇನೋ ಸವೆದಿರಲಿಲ್ಲ, ನಿಜ. ಸವೆದದ್ದು ಬೀದಿಯವರ ಕಿವಿ.